ಏನೂ ಇಲ್ಲದೆ ಎದೆ ಹೊಡೆದುಕೊಂಡಿತೇಕೆ? ಪ್ಯಾನಿಕ್ ಅಟ್ಯಾಕ್ ಶುರುವಾಗುವ ಬಗೆ

ಇಸಿಜಿ ನಾರ್ಮಲ್. ರಕ್ತಪರೀಕ್ಷೆ ನಾರ್ಮಲ್. ಬಿಪಿ ಸ್ವಲ್ಪ ಏರಿತ್ತು, ಅರ್ಧ ಗಂಟೆಯಲ್ಲಿ ಅದೂ ಇಳಿಯಿತು. ‘ಹಾರ್ಟ್‌ಗೆ ಏನೂ ಆಗಿಲ್ಲ, ಪ್ಯಾನಿಕ್ ಅಟ್ಯಾಕ್ ಇರಬೇಕು’ ಎಂದು ಡ್ಯೂಟಿ ಡಾಕ್ಟರು ಮನೆಗೆ ಕಳಿಸುತ್ತಾರೆ. ಇನ್ನೇನು ಪ್ರಾಣ ಹೋಗುತ್ತದೆ ಎಂದುಕೊಂಡು ಬಂದವರಿಗೆ ಆ ಮಾತು ಸಮಾಧಾನಕ್ಕಿಂತ ಗೊಂದಲವನ್ನೇ ಹೆಚ್ಚು ಕೊಡುತ್ತದೆ. ಗಾಬರಿ ಬೀಳುವಂಥದ್ದು ಏನೂ ನಡೆದಿರಲಿಲ್ಲವಲ್ಲ! ಊಟ ಮುಗಿಸಿ ಟಿವಿ ಮುಂದೆ ಕೂತಿದ್ದಾಗ, ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದಾಗ, ಕೆಲವರಿಗಂತೂ ಗಾಢ ನಿದ್ದೆಯಲ್ಲಿದ್ದಾಗ ಬಂದೆರಗಿದ್ದು ಅದು.

ಕಾರಣವೇ ಇಲ್ಲದೆ ಬಂತು ಎನ್ನಿಸುವುದು ನಾವು ಕಾರಣವನ್ನು ಹೊರಗೆ ಹುಡುಕುವುದರಿಂದ. ಯಾರು ಏನಂದರು, ಯಾವ ಸುದ್ದಿ ಬಂತು, ಯಾವ ಚಿಂತೆ ಕಾಡುತ್ತಿತ್ತು ಎಂದು ಯೋಚಿಸುತ್ತೇವೆ. ಪ್ಯಾನಿಕ್ ಅಟ್ಯಾಕ್‌ನ ಕಿಡಿ ಮಾತ್ರ ಬಹುಪಾಲು ಮೈಯೊಳಗೇ ಇರುತ್ತದೆ. ಎಡವಿದಂತೆ ಬಡಿದ ಒಂದು ಎದೆಬಡಿತ, ಕ್ಷಣಕಾಲದ ತಲೆಸುತ್ತು, ಪೂರ್ತಿ ಸಿಗದ ಒಂದು ಉಸಿರು. ಅದನ್ನು ಮಿದುಳು ಏನೆಂದು ಓದಿಕೊಂಡಿತು ಎನ್ನುವುದರ ಮೇಲೆ ಮುಂದಿನ ಹತ್ತು ನಿಮಿಷ ನಿಂತಿರುತ್ತದೆ.

## ಯಾವುದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ 13 ಲಕ್ಷಣಗಳ ಪಟ್ಟಿ ಇದೆ: ಎದೆ ಡವಡವ ಹೊಡೆದುಕೊಳ್ಳುವುದು, ಬೆವರು, ನಡುಕ, ಉಸಿರು ಸಾಲದಂತಾಗುವುದು, ಗಂಟಲು ಕಟ್ಟಿದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಮೈ ಚಳಿ ಅಥವಾ ಬಿಸಿ ಏರುವುದು, ಕೈಕಾಲು ಜೋಮು ಹಿಡಿಯುವುದು, ಸುತ್ತಲಿನದೆಲ್ಲ ಕನಸಿನಲ್ಲಿ ನಡೆದಂತೆ ಅನ್ನಿಸುವುದು, ಹಿಡಿತ ತಪ್ಪಿ ಹುಚ್ಚೇ ಹಿಡಿಯುತ್ತದೆಂಬ ಭಯ, ಸತ್ತೇ ಹೋಗುತ್ತೇನೆಂಬ ಭಯ. ಇವುಗಳಲ್ಲಿ ಕನಿಷ್ಠ 4 ಒಟ್ಟಿಗೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿದರೆ ಅದು ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿಗೇರಿ, 20–30 ನಿಮಿಷಕ್ಕೆ ಇಳಿದುಹೋಗುತ್ತದೆ. ಸುಸ್ತು, ಮೈಕೈ ಭಾರ ಮಾತ್ರ ಅಂದೆಲ್ಲ ಉಳಿಯಬಹುದು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. 13ರಲ್ಲಿ ಭಯ ಎನ್ನುವ ಪದ ಬರುವುದು ಕೊನೆಯ ಎರಡರಲ್ಲಿ ಮಾತ್ರ, ಉಳಿದ ಹೆಚ್ಚಿನವು ಮೈಯ ಲಕ್ಷಣಗಳು. ಜನ ಮೊದಲು ಮನೋವೈದ್ಯರ ಬಳಿ ಹೋಗದೆ ಹೃದಯದ ಡಾಕ್ಟರ ಬಳಿ ಓಡುವುದು ಅದಕ್ಕೇ, ಅದು ತಪ್ಪೂ ಅಲ್ಲ.

ಇದಕ್ಕೂ ಆತಂಕಕ್ಕೂ ವ್ಯತ್ಯಾಸವಿದೆ. ಆತಂಕ ನಾಳೆಯದನ್ನು ನೆನೆದು ಸಣ್ಣ ಉರಿಯಲ್ಲಿ ದಿನವಿಡೀ ಕುದಿಯುತ್ತದೆ. ಪ್ಯಾನಿಕ್ ಈ ಕ್ಷಣದ್ದು, ಹಾಲು ಉಕ್ಕಿದಂತೆ ಮೇಲೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ, ಬದುಕಿನಲ್ಲಿ ಒಮ್ಮೆಯಾದರೂ ಅಟ್ಯಾಕ್ ಕಂಡವರು ನೂರಕ್ಕೆ ಸುಮಾರು 13 ಮಂದಿ. ಅದು ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆಯಾಗಿ ಬೇರೂರುವುದು ನೂರಕ್ಕೆ ಸುಮಾರು 2 ಮಂದಿಯಲ್ಲಿ. ಅಟ್ಯಾಕ್ ಅನಿರೀಕ್ಷಿತವಾಗಿ ಮರುಕಳಿಸಿ, ‘ಮತ್ತೆ ಬಂದರೇನು ಗತಿ’ ಎಂಬ ಅಳುಕು ಒಂದು ತಿಂಗಳಾದರೂ ಬೆನ್ನು ಬಿಡದಿದ್ದರೆ, ಇಲ್ಲವೇ ಆ ಅಳುಕಿನಿಂದ ದಿನಚರಿಯೇ ಬದಲಾದರೆ ಡಿಸಾರ್ಡರ್ ಎನ್ನುತ್ತಾರೆ.

## ಮೊದಲ ಎರಡು ನಿಮಿಷದಲ್ಲಿ ಮೈಯೊಳಗೆ ಆಗುವುದು

ಅಪಾಯ ಎದುರಾದಾಗ ಓಡಲು ಅಥವಾ ಹೊಡೆದಾಡಲು ಮೈಯನ್ನು ಸಜ್ಜು ಮಾಡುವ ಒಂದು ವ್ಯವಸ್ಥೆ ನಮ್ಮೆಲ್ಲರಲ್ಲೂ ಇದೆ. ಮಿದುಳಿನಿಂದ ಸಂದೇಶ ಹೋದ ಕೂಡಲೇ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಹೃದಯ ಜೋರಾಗುತ್ತದೆ, ರಕ್ತ ದೊಡ್ಡ ಸ್ನಾಯುಗಳತ್ತ ಹರಿಯುತ್ತದೆ, ಹೊಟ್ಟೆಯ ಪಾಲಿನ ರಕ್ತ ಕಡಿಮೆಯಾಗಿ ತೊಳಸಿದಂತಾಗುತ್ತದೆ. ಬಿಸಿಯಾಗಲಿರುವ ಮೈಯನ್ನು ತಣಿಸಲು ಬೆವರು ಮೊದಲೇ ಒಡೆಯುತ್ತದೆ. ಕಣ್ಣಿನ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದೆಲ್ಲ ಆಗುತ್ತದೆ, ಆದರೆ ಓಡುವ ಭರದಲ್ಲಿ ಗಮನಕ್ಕೇ ಬರುವುದಿಲ್ಲ. ಸೋಫಾದ ಮೇಲೆ ಸುಮ್ಮನೆ ಕೂತವರಿಗೆ ಅದೇ ಬದಲಾವಣೆ ಒಂದೊಂದಾಗಿ ಎದ್ದು ಕಾಣುತ್ತದೆ.

ಇಷ್ಟಕ್ಕೇ ಆಗಿದ್ದರೆ ಅಷ್ಟು ಭಯಾನಕವಾಗುತ್ತಿರಲಿಲ್ಲ. ಅರ್ಧ ನಾಟಕ ನಡೆಯುವುದು ಉಸಿರಿನಲ್ಲಿ, ಅದನ್ನು ತಿಳಿದವರು ಕಡಿಮೆ.

ಆರಾಮವಾಗಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಗಾಬರಿಯಲ್ಲಿ ಉಸಿರು ವೇಗವಾಗುತ್ತದೆ, ಆಳವೂ ಆಗುತ್ತದೆ. ಮೈ ನಿಜವಾಗಿ ಓಡುತ್ತಿದ್ದರೆ ಸ್ನಾಯುಗಳು ಅಷ್ಟೇ ಪ್ರಮಾಣದಲ್ಲಿ ಕಾರ್ಬನ್ ಡೈಆಕ್ಸೈಡ್ ಉತ್ಪಾದಿಸಿ ಲೆಕ್ಕ ಸರಿಹೋಗುತ್ತಿತ್ತು. ಕೂತಲ್ಲೇ ಹಾಗೆ ಉಸಿರಾಡಿದರೆ ಆ ಅನಿಲ ಉತ್ಪಾದನೆಗಿಂತ ವೇಗವಾಗಿ ಹೊರಹೋಗುತ್ತದೆ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35–45 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಜೋರಾಗಿ ಉಸಿರಾಡಿದರೆ ಒಂದೆರಡು ನಿಮಿಷದಲ್ಲೇ ಅದು 25ರ ಆಸುಪಾಸಿಗೆ ಇಳಿಯಬಹುದು.

ಕಾರ್ಬನ್ ಡೈಆಕ್ಸೈಡ್ ಬರೀ ಕಸವಲ್ಲ, ಮಿದುಳಿನ ರಕ್ತನಾಳಗಳ ಅಗಲವನ್ನು ಅದೇ ಹತೋಟಿಯಲ್ಲಿಡುತ್ತದೆ. ಅದು ಇಳಿದಂತೆ ನಾಳಗಳು ಕಿರಿದಾಗಿ ಮಿದುಳಿಗೆ ಹೋಗುವ ರಕ್ತ ತಗ್ಗುತ್ತದೆ. ತಲೆ ಹಗುರ, ಕಣ್ಣು ಮಂಜು, ‘ನಾನೆಲ್ಲೋ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದೇನೆ’ ಎಂಬ ವಿಚಿತ್ರ ಭಾವ ಇವುಗಳ ಹಿಂದೆ ಇದರ ಕೈವಾಡ ದೊಡ್ಡದು. ಜೊತೆಗೆ ರಕ್ತದ ಕ್ಷಾರಗುಣ ಏರಿ, ನರಗಳಿಗೆ ಒದಗುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಆಗ ಬೆರಳತುದಿ, ತುಟಿಯ ಸುತ್ತ ಇರುವೆ ಹರಿದಂತೆ ಜುಮುಜುಮು. ಇನ್ನೂ ಮುಂದುವರಿದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಕೈ ಸೆಟೆಯುತ್ತದೆ. ಇದನ್ನು ಕಂಡವರು ‘ಸ್ಟ್ರೋಕ್ ಆಯಿತು’ ಎಂದು ಬೆದರುವುದು ಸಹಜ.

ಎಲ್ಲಕ್ಕಿಂತ ಮೋಸದ್ದು ಉಸಿರು ಸಾಲದು ಎಂಬ ಭಾವನೆ. ಆ ಹೊತ್ತಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 98, 99 ಎಂದು ತೋರಿಸುತ್ತದೆ. ಆಮ್ಲಜನಕಕ್ಕೆ ಕೊರತೆಯೇ ಇಲ್ಲ. ಎದೆ ಆಗಲೇ ತುಂಬಿ ಉಬ್ಬಿರುತ್ತದೆ. ಉಸಿರನ್ನು ಪೂರ್ತಿ ಹೊರಬಿಡದೆ ಮೇಲೆ ಮೇಲೆ ಎಳೆದುಕೊಳ್ಳಲು ಹೋದಾಗ ಪಕ್ಕೆಲುಬಿನ ನಡುವಿನ ಸ್ನಾಯುಗಳು ದಣಿದು ನೋಯುತ್ತವೆ. ‘ಎದೆನೋವು’ ಬಹಳ ಸಲ ಅದೇ. ನೀರು ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹಿಡಿಸುತ್ತಿಲ್ಲವಲ್ಲ ಎಂದು ಒದ್ದಾಡಿದ ಹಾಗೆ.

ಮೂರ್ಛೆ ಬೀಳುತ್ತೇನೆಂಬ ಹೆದರಿಕೆಗೆ ಇಲ್ಲೇ ಒಂದು ಮಾತು. ಮೂರ್ಛೆ ಹೋಗಲು ಬಿಪಿ ದಿಢೀರನೆ ಕುಸಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ಹಾಗಾಗಿ ತಲೆ ಎಷ್ಟೇ ತಿರುಗಿದರೂ ಬೀಳುವುದು ಅಪರೂಪ. ರಕ್ತ, ಸೂಜಿ ಕಂಡರೆ ತಲೆಸುತ್ತಿ ಬೀಳುವವರ ಸಂಗತಿ ಬೇರೆ, ಅವರಲ್ಲಿ ಬಿಪಿ ನಿಜಕ್ಕೂ ಇಳಿಯುತ್ತದೆ.

## ಮೈಕಿನ ಕೂಗು: ಕಿಡಿ ಬೆಂಕಿಯಾಗುವುದು ಹೇಗೆ

ಸಭೆಯಲ್ಲಿ ಮೈಕನ್ನು ಸ್ಪೀಕರ್ ಬಾಕ್ಸಿನ ಎದುರು ತಂದರೆ ‘ಕುಂಯ್’ ಎಂದು ಕಿವಿ ಕೊರೆಯುವ ಸದ್ದು ಬರುತ್ತದಲ್ಲ, ಅದು ಯಾರೋ ಕೂಗಿದ್ದಲ್ಲ. ಎಲ್ಲಿಂದಲೋ ಬಂದ ಸಣ್ಣ ಸರಪರ ಮೈಕಿಗೆ ಹೋಗಿ, ಸ್ಪೀಕರಿನಲ್ಲಿ ದೊಡ್ಡದಾಗಿ ಹೊರಬಂದು, ಅದೇ ಮತ್ತೆ ಮೈಕಿಗೆ ಹೋಗಿ ಇನ್ನೂ ದೊಡ್ಡದಾಗಿರುತ್ತದೆ. ಪ್ಯಾನಿಕ್ ಅಟ್ಯಾಕ್ ಈ ಕೂಗಿನಂತೆ. ಎದೆ ಒಮ್ಮೆ ಜೋರಾಗಿ ಬಡಿಯಿತು ಎನ್ನುವುದು ಸರಪರ. ‘ಹಾರ್ಟ್ ಅಟ್ಯಾಕ್!’ ಎಂದು ಓದಿಕೊಳ್ಳುವುದು ಆಂಪ್ಲಿಫೈಯರ್. ಆ ಓದಿಗೆ ಅಡ್ರಿನಲಿನ್ ಸುರಿಯುತ್ತದೆ, ಎದೆ ಇನ್ನೂ ಜೋರಾಗುತ್ತದೆ, ನಾನು ಅಂದುಕೊಂಡಿದ್ದೇ ನಿಜ ಎನ್ನುವುದಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮಂಡಿಸಿದ ಈ ವಿವರಣೆ ಇಂದಿನ ಮಾತಿನ ಚಿಕಿತ್ಸೆಗೆ ತಳಪಾಯ.

ಸುತ್ತು ಮುಗಿಯಲು ಸೆಕೆಂಡುಗಳು ಸಾಕು. ಜನಕ್ಕೆ ಮೊದಲ ಸರಪರ ನೆನಪೇ ಇರುವುದಿಲ್ಲ, ಕೂಗಷ್ಟೇ ನೆನಪು.

ಓದು ಇಷ್ಟು ಪ್ರಬಲವೇ ಎಂದು ಅನುಮಾನವಾದರೆ 1988ರಲ್ಲಿ ಆಂಕೆ ಏಲರ್ಸ್ ಮತ್ತು ಸಂಗಡಿಗರು ಮಾಡಿದ ಪರೀಕ್ಷೆ ನೋಡಬೇಕು. ಎದೆಬಡಿತ ಇದ್ದಕ್ಕಿದ್ದಂತೆ ಏರುತ್ತಿದೆ ಎಂಬ ಸುಳ್ಳು ಸದ್ದನ್ನು ಕೇಳಿಸಿದಾಗ ಪ್ಯಾನಿಕ್ ರೋಗಿಗಳ ನಿಜವಾದ ಎದೆಬಡಿತ, ಬಿಪಿ, ಆತಂಕ ಎಲ್ಲವೂ ಏರಿದವು. ಅದನ್ನೇ ಕೇಳಿದ ಉಳಿದವರಲ್ಲಿ ಹಾಗಾಗಲಿಲ್ಲ.

ಮರುವರ್ಷದ ಇನ್ನೊಂದು ಪ್ರಯೋಗ ಇನ್ನೂ ಚುರುಕಿನದು. ಸ್ಯಾಂಡರ್ಸನ್, ರಪೀ ಮತ್ತು ಬಾರ್ಲೋ ಎಂಬುವರು 20 ರೋಗಿಗಳಿಗೆ ಶೇ 5.5ರಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆತ ಗಾಳಿಯನ್ನು 15 ನಿಮಿಷ ಉಸಿರಾಡಿಸಿದರು. ‘ಎದುರಿನ ದೀಪ ಹೊತ್ತಿದರೆ ಈ ಗುಂಡಿ ತಿರುಗಿಸಿ ಅನಿಲ ಕಡಿಮೆ ಮಾಡಿಕೊಳ್ಳಬಹುದು’ ಎಂದು ಎಲ್ಲರಿಗೂ ಹೇಳಿದ್ದರು. ದೀಪ ಹೊತ್ತಿದ್ದು 10 ಮಂದಿಗೆ ಮಾತ್ರ. ಗುಂಡಿಗೋ ಯಾವ ಸಂಪರ್ಕವೂ ಇರಲಿಲ್ಲ. ದೀಪ ಹೊತ್ತದ 10ರಲ್ಲಿ 8 ಮಂದಿಗೆ ಅಟ್ಯಾಕ್ ಬಂತು, ಹೊತ್ತಿದವರಲ್ಲಿ 2 ಮಂದಿಗಷ್ಟೇ. ಎಲ್ಲರೂ ಕುಡಿದದ್ದು ಒಂದೇ ಗಾಳಿ. ಲಿಫ್ಟು, ಸುರಂಗ, ಟ್ರಾಫಿಕ್ ಜಾಮು, ತಿರುಗಿ ಹೋಗಲಾಗದ ಉದ್ದದ ಸಾಲು ಇಂಥವೇ ಏಕೆ ಕಿಡಿಯಾಗುತ್ತವೆ ಎನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಅಲ್ಲಿ ಗುಂಡಿ ನಮ್ಮ ಕೈಯಲ್ಲಿಲ್ಲ.

## ಕಿಡಿಯಾಗಬಲ್ಲ ವಸ್ತುಗಳು

ಕೆಫೀನ್. ಪ್ಯಾನಿಕ್ ಡಿಸಾರ್ಡರ್ ಇರುವವರಿಗೆ ಒಂದೇ ಸಲಕ್ಕೆ 400 ಮಿಲಿಗ್ರಾಂ ಮೇಲ್ಪಟ್ಟು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಟ್ಯಾಕ್ ಬಂದಿದೆ. ಆರೋಗ್ಯವಂತರಲ್ಲಿ ಅದು ಬಲು ವಿರಳ. ಒಂದು ಕಪ್ ಕಾಫಿಯಲ್ಲಿ ಅಂದಾಜು 80–100, ಚಹಾದಲ್ಲಿ ಅದರ ಅರ್ಧ, 250 ಮಿಲಿಲೀಟರ್ ಎನರ್ಜಿ ಡ್ರಿಂಕಿನಲ್ಲಿ 80 ಮಿಲಿಗ್ರಾಂ ಆಸುಪಾಸು ಇರುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಸೇರಿಸಿರುತ್ತಾರೆ. ಕುಡಿದ 30–60 ನಿಮಿಷಕ್ಕೆ ರಕ್ತದಲ್ಲಿ ತುದಿ ಮುಟ್ಟುತ್ತದೆ, ಅರ್ಧ ಖಾಲಿಯಾಗಲು ಸುಮಾರು 5 ಗಂಟೆ ಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಸಂಜೆಯ ಕಾಫಿ ರಾತ್ರಿ ಮಲಗಿದಾಗಲೂ ಮೈಯಲ್ಲಿರುತ್ತದೆ ಎಂದಾಯಿತು. ಬಿಡಬೇಕೆನ್ನುವವರು ಒಂದೇ ದಿನ ನಿಲ್ಲಿಸಬೇಡಿ. 12–24 ಗಂಟೆಯಲ್ಲಿ ತಲೆನೋವು, ಚಡಪಡಿಕೆ ಶುರುವಾಗಿ ಅದೇ ಹೊಸ ಕಿಡಿಯಾದೀತು. ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧ ಕಪ್ ಇಳಿಸುತ್ತ ಹೋದರೆ ತೊಂದರೆಯಾಗದು.

ಮದ್ಯ, ಅದೂ ಇಳಿಯುವಾಗ. ಕುಡಿದಾಗ ನರಗಳ ಬ್ರೇಕು ಬಿಗಿಯಾಗುತ್ತದೆ. ಮಿದುಳು ಅದಕ್ಕೆ ಸಮನಾಗಿ ಆಕ್ಸಿಲರೇಟರ್ ಒತ್ತಿ ಸರಿದೂಗಿಸುತ್ತದೆ. ಮದ್ಯ ಇಳಿದಾಗ ಬ್ರೇಕು ಸಡಿಲವಾಗುತ್ತದೆ, ಆಕ್ಸಿಲರೇಟರ್ ಮಾತ್ರ ಒತ್ತಿದಂತೆಯೇ ಉಳಿದಿರುತ್ತದೆ. ಬೆಳಗಿನ ಜಾವ ಎದೆ ಡವಗುಟ್ಟಿ ಎಚ್ಚರವಾಗುವುದು ಹೀಗೆ. ಅದನ್ನು ತಣಿಸಲು ಮತ್ತೆ ಕುಡಿದರೆ ಬಲೆ ಇನ್ನಷ್ಟು ಬಿಗಿಯಾಗುತ್ತದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವರು ತಾವಾಗಿಯೇ ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ಡಾಕ್ಟರ ನಿಗಾ ಬೇಕು.

ಔಷಧಿಗಳು. ಉಬ್ಬಸದ ಸಾಲ್ಬುಟಮಾಲ್ ಇನ್‌ಹೇಲರ್, ಮೂಗು ಕಟ್ಟಿದಾಗ ಕೊಡುವ ಸ್ಯೂಡೋಎಫೆಡ್ರಿನ್, ಸ್ಟಿರಾಯ್ಡ್, ಪ್ರಮಾಣ ಹೆಚ್ಚಾದ ಥೈರಾಯ್ಡ್ ಮಾತ್ರೆ ಇವೆಲ್ಲ ಎದೆಬಡಿತ ಏರಿಸಬಲ್ಲವು. ಗಾಂಜಾ ಎಳೆದವರಲ್ಲಿ ಮೊದಲ ಅಟ್ಯಾಕ್ ಕಾಣಿಸಿಕೊಳ್ಳುವುದು ಹೊಸತೇನಲ್ಲ. ನಿದ್ದೆಯ, ಆತಂಕದ ಕೆಲವು ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೂ ಹೀಗೇ ಆಗುತ್ತದೆ.

ಮೈಯ ದಿನನಿತ್ಯದ ಏರಿಳಿತ. ಮೆಟ್ಟಿಲು ಹತ್ತಿದ ಏದುಸಿರು, ಸೆಕೆ, ಹಸಿವು, ನಿದ್ದೆಗೆಟ್ಟ ರಾತ್ರಿ, ದಿಢೀರನೆ ಎದ್ದು ನಿಂತಾಗಿನ ಕತ್ತಲೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಮತ್ತು ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಉಸಿರಾಟವನ್ನು ಸ್ವಲ್ಪ ಹೆಚ್ಚಿಸುವುದರಿಂದ ಕಾರ್ಬನ್ ಡೈಆಕ್ಸೈಡ್ ಮಟ್ಟ ಮೊದಲೇ ತುಸು ಇಳಿದಿರುತ್ತದೆ. ಆಗ ನಾಲ್ಕು ಜೋರು ಉಸಿರಿಗೇ ತಲೆ ಹಗುರಾದೀತು.

## ಉಸಿರುಗಟ್ಟುವ ಎಚ್ಚರಿಕೆ ಗಂಟೆ

ಕಿಡಿಗಳಲ್ಲಿ ಒಂದು ಮಾತ್ರ ಬಹಳ ಪ್ರಾಚೀನವಾದದ್ದು. ಕಾರ್ಬನ್ ಡೈಆಕ್ಸೈಡ್ ಇಳಿದಾಗ ಆಗುವುದನ್ನು ಮೇಲೆ ನೋಡಿದೆವು, ಈ ಕಿಡಿ ಅದರ ಏರಿಕೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 0.04ರಷ್ಟು. ಪ್ರಯೋಗಾಲಯದಲ್ಲಿ ಶೇ 35ರಷ್ಟಿರುವ ಗಾಳಿಯನ್ನು ಒಂದೇ ಒಂದು ದೀರ್ಘ ಉಸಿರು ಎಳೆಸಿದರೆ ಸೆಕೆಂಡುಗಳಲ್ಲಿ ಉಸಿರುಗಟ್ಟಿದ ಭಾವ ನುಗ್ಗಿ, ಒಂದೆರಡು ನಿಮಿಷದಲ್ಲಿ ಮಾಯವಾಗುತ್ತದೆ. ಯಾರಿಗಾದರೂ ಇದು ಅಹಿತವೇ. ಪ್ಯಾನಿಕ್ ರೋಗಿಗಳಿಗೆ, ಅವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಹೆಚ್ಚು ತೀವ್ರ. ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯರು 1993ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ಉಸಿರುಗಟ್ಟುತ್ತಿದೆ ಎಂದು ಎಚ್ಚರಿಸುವ ಗಂಟೆಯೊಂದು ಮಿದುಳಿನಲ್ಲಿದೆ, ಕೆಲವರಲ್ಲಿ ಅದು ತೀರಾ ಸೂಕ್ಷ್ಮವಾಗಿ ಸುಳ್ಳುಸುಳ್ಳೇ ಬಾರಿಸುತ್ತದೆ.

ಭಯದ ಕೇಂದ್ರ ಎಂದು ಎಲ್ಲೆಡೆ ಹೆಸರಾದ ಅಮಿಗ್ಡಲಾ ಎಂಬ ಭಾಗ ಎರಡೂ ಬದಿಯಲ್ಲಿ ಹಾಳಾಗಿದ್ದ ಮೂವರಿಗೆ ಇದೇ ಅನಿಲ ಕೊಟ್ಟ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಹೊರಗಿನ ಅಪಾಯಕ್ಕೆ ಭಯವನ್ನೇ ತೋರದವರು ಅವರು. ಮೂವರಿಗೂ ಅಟ್ಯಾಕ್ ಬಂತು. ಹೊರಗಿನ ಭಯದ ದಾರಿಯೇ ಬೇರೆ, ಮೈಯೊಳಗಿನಿಂದ ಏಳುವ ಭಯದ ದಾರಿಯೇ ಬೇರೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ. ‘ಹೆದರುವಂಥದ್ದು ಏನಿದೆ, ಧೈರ್ಯ ತಂದುಕೋ’ ಎಂಬ ಬುದ್ಧಿಮಾತು ಏಕೆ ನಾಟುವುದಿಲ್ಲ ಎನ್ನುವುದೂ ಇದರಿಂದ ಅರ್ಥವಾಗುತ್ತದೆ.

ಹಾಗೆಂದು ಜನ ಕಿಕ್ಕಿರಿದ ಮುಚ್ಚಿದ ಕೋಣೆಯ ಗಾಳಿಯೇ ಅಟ್ಯಾಕ್ ತರಿಸುತ್ತದೆ ಎಂದುಕೊಳ್ಳಬೇಡಿ. ಅಲ್ಲಿನ ಮಟ್ಟ ಶೇ 0.2ರ ಆಸುಪಾಸಿನದು, ಪ್ರಯೋಗಾಲಯದ ಹತ್ತಿರಕ್ಕೂ ಬಾರದು. ಅಲ್ಲಿ ಕೆಲಸ ಮಾಡುವುದು ಸೆಕೆ, ಇಕ್ಕಟ್ಟು ಮತ್ತು ಬಾಗಿಲು ದೂರವಿದೆ ಎಂಬ ಅರಿವು.

## ಸುಮ್ಮನಿದ್ದಾಗ, ನಿದ್ದೆಯಲ್ಲಿದ್ದಾಗ

ಅಲಿಷಿಯಾ ಮ್ಯೂರೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 43 ರೋಗಿಗಳು ಉಸಿರು, ಎದೆಬಡಿತ ಅಳೆಯುವ ಉಪಕರಣವನ್ನು ದಿನವಿಡೀ ಮೈಗೆ ಕಟ್ಟಿಕೊಂಡು ಓಡಾಡಿದರು. ಆ ಅವಧಿಯಲ್ಲಿ 13 ಅಟ್ಯಾಕ್‌ಗಳು ದಾಖಲಾದವು. ರೋಗಿಗಳ ಪ್ರಕಾರ ‘ಇದ್ದಕ್ಕಿದ್ದಂತೆ’ ಬಂದ ಅಟ್ಯಾಕ್‌ಗಳಿಗೂ ಸುಮಾರು ಒಂದು ಗಂಟೆ ಮುಂಚಿನಿಂದಲೇ ಉಸಿರಾಟ ಮತ್ತು ಎದೆಬಡಿತದಲ್ಲಿ ಅಸ್ಥಿರತೆ ಶುರುವಾಗಿತ್ತು. ಅವರ ಅರಿವಿಗೆ ಬಂದಿರಲಿಲ್ಲ, ಅಷ್ಟೇ.

ವಿರಾಮದ ಹೊತ್ತಿನಲ್ಲೇ ಬರುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ಕೆಲಸದಲ್ಲಿ ಮುಳುಗಿದಾಗ ಮೈಯ ಸಣ್ಣಪುಟ್ಟ ಸದ್ದು ಕೇಳಿಸುವುದಿಲ್ಲ. ಗದ್ದಲ ಅಡಗಿದ ಮೇಲೆ ಗಡಿಯಾರದ ಟಿಕ್‌ಟಿಕ್ ಕೇಳುವಂತೆ, ಕೂತಾಗ ಎದೆಬಡಿತ ಕೇಳತೊಡಗುತ್ತದೆ.

ರಾತ್ರಿಯ ಅಟ್ಯಾಕ್ ಕೆಟ್ಟ ಕನಸಿನಿಂದ ಬರುವುದಲ್ಲ. ಕನಸುಗಳು ಹೆಚ್ಚು ಬೀಳುವ ಹಂತಕ್ಕೆ ಮುಂಚೆಯೇ, ಹಗುರ ನಿದ್ದೆ ಗಾಢವಾಗತೊಡಗುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಅದು ಎಬ್ಬಿಸುತ್ತದೆ. ಗೊರಕೆ ಜೋರಾಗಿದ್ದು, ಉಸಿರು ನಿಂತಂತಾಗಿ ಎಚ್ಚರವಾಗುತ್ತಿದ್ದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ಮೊದಲು ನೋಡಿಸಬೇಕು.

## ಒಂದು ಕಿಡಿ ಹತ್ತಾಗುವ ಬಗೆ

ಮೊದಲ ಅಟ್ಯಾಕ್ ಬಸ್ಸಿನಲ್ಲಿ ಬಂತು ಎನ್ನಿ. ಮಿದುಳು ಬಸ್ಸು, ಡೀಸೆಲ್ ವಾಸನೆ, ಆಗ ಹೊಟ್ಟೆಯಲ್ಲಿದ್ದ ಸಂಕಟ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಡುತ್ತದೆ. ಮುಂದೆ ಬರೀ ವಾಸನೆ ಸಾಕು, ಎದೆ ಎಚ್ಚರವಾಗುತ್ತದೆ. ಬಸ್ಸು ಬಿಟ್ಟು ಆಟೊ ಹಿಡಿದರೆ ಆ ಕ್ಷಣ ನೆಮ್ಮದಿ. ಆದರೆ ‘ಬಸ್ಸಿನಲ್ಲಿದ್ದರೂ ಏನೂ ಆಗುತ್ತಿರಲಿಲ್ಲ’ ಎಂದು ಕಲಿಯುವ ಅವಕಾಶವೇ ಮಿದುಳಿಗೆ ಸಿಗಲಿಲ್ಲ. ಬಸ್ಸಿನ ನಂತರ ರೈಲು, ಆಮೇಲೆ ಸಿನಿಮಾ ಮಂದಿರ, ಕೊನೆಗೆ ಒಬ್ಬರೇ ಮನೆಯಲ್ಲಿರುವುದೂ ಪಟ್ಟಿಗೆ ಸೇರುತ್ತದೆ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು, ವಾಚಿನಲ್ಲಿ ಎದೆಬಡಿತ ಎಣಿಸುವುದು, ಜೇಬಿನಲ್ಲಿ ಮಾತ್ರೆಯಿಲ್ಲದೆ ಹೊರಡದಿರುವುದು ಇವೂ ಅದೇ ಕೆಲಸ ಮಾಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಈ ಹಂತದಲ್ಲಿ ಸ್ಮಾರ್ಟ್‌ವಾಚನ್ನು ಕೆಲ ವಾರ ಬಿಚ್ಚಿಡುವುದೇ ಒಳ್ಳೆಯದು. ಅದನ್ನು ಕಟ್ಟಿಕೊಂಡೇ ಇರುವುದು ಮೈಕನ್ನು ಸ್ಪೀಕರಿನ ಬಾಯಿಗೇ ಹಿಡಿದಂತೆ.

## ನನಗೇ ಏಕೆ, ಈಗಲೇ ಏಕೆ

ಎಲ್ಲರ ಎದೆಯೂ ಆಗಾಗ ಎಡವುತ್ತದೆ, ಎಲ್ಲರಿಗೂ ಅಟ್ಯಾಕ್ ಬರುವುದಿಲ್ಲ. ಹುಟ್ಟಿನಿಂದ ಬಂದ ಒಲವಿನ ಪಾಲು ಸುಮಾರು ಶೇ 40 ಎಂದು ಅವಳಿಗಳ ಅಧ್ಯಯನಗಳು ಅಂದಾಜಿಸುತ್ತವೆ. ಹೆಣ್ಣುಮಕ್ಕಳಲ್ಲಿ ಗಂಡಸರ ಸುಮಾರು ಎರಡರಷ್ಟು. ಶುರುವಾಗುವುದು ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ವಯಸ್ಸಿನೊಳಗೆ. ಧೂಮಪಾನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಇದಕ್ಕೆ ಸಾವು, ಅಗಲಿಕೆ, ಹೆರಿಗೆ, ಕೆಲಸ ಕಳೆದುಕೊಳ್ಳುವುದು, ದೊಡ್ಡ ಕಾಯಿಲೆಯಂಥ ಭಾರ ಸೇರಿದಾಗ ಆಂಪ್ಲಿಫೈಯರಿನ ವಾಲ್ಯೂಮು ಮೇಲಿರುತ್ತದೆ. ಅಟ್ಯಾಕ್ ಬರುವುದು ಆ ಘಟನೆಯ ದಿನವಲ್ಲ, ವಾರ ಅಥವಾ ತಿಂಗಳುಗಳ ಮೇಲೆ, ‘ಈಗೆಲ್ಲ ಸರಿಹೋಯಿತು’ ಎಂದುಕೊಂಡಾಗ. ಅದಕ್ಕೇ ಎರಡಕ್ಕೂ ನಂಟಿದೆ ಎಂದು ಹೊಳೆಯುವುದಿಲ್ಲ.

## ಪ್ಯಾನಿಕ್‌ನಂತೆ ಕಂಡು ಪ್ಯಾನಿಕ್ ಅಲ್ಲದ್ದು

ಎದೆಯಲ್ಲಿ ಮೊದಲ ಸಲ ಇಂಥ ನೋವು ಬಂದರೆ ಮನೆಯಲ್ಲಿ ಕೂತು ತೀರ್ಮಾನಿಸುವ ಪ್ರಶ್ನೆಯೇ ಇಲ್ಲ, ಆಸ್ಪತ್ರೆಗೆ ಹೋಗಲೇಬೇಕು. ಹಿಂಡಿದಂಥ ಭಾರ, ಕೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ನಡೆದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವುದು, 15 ನಿಮಿಷವಾದರೂ ಇಳಿಯದಿರುವುದು, ನಿಜವಾಗಿ ಪ್ರಜ್ಞೆ ತಪ್ಪುವುದು ಇವು ಹೃದಯದ ಕಡೆ ಬೆರಳು ತೋರುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಬರೀ ಸುಸ್ತು, ಏದುಸಿರಾಗಿಯೂ ಬರಬಹುದು. ಇಸಿಜಿ, ಟ್ರೊಪೋನಿನ್ ರಕ್ತಪರೀಕ್ಷೆಯಿಂದ ತಿಳಿಯುತ್ತದೆ.

ಎಸ್‌ವಿಟಿ ಎಂಬ ತಾಳ ತಪ್ಪುವ ತೊಂದರೆಯಲ್ಲಿ ಎದೆಬಡಿತ ಸ್ವಿಚ್ ಹಾಕಿದಂತೆ 150–220ಕ್ಕೆ ಜಿಗಿದು, ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಪ್ಯಾನಿಕ್‌ನಲ್ಲಿ ಅದು ಏರಿದಂತೆ ಮೆಲ್ಲಗೆ ಇಳಿಯುತ್ತದೆ. ತೂಕ ಇಳಿಕೆ, ಕೈನಡುಕ, ಸೆಕೆ ತಡೆಯಲಾಗದಿರುವುದು ಜೊತೆಗಿದ್ದರೆ ಥೈರಾಯ್ಡ್ ಅತಿಯಾಗಿರಬಹುದು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಆ ಕ್ಷಣದ ಸಕ್ಕರೆ ನೋಡಿಕೊಳ್ಳಬೇಕು, 70ಕ್ಕಿಂತ ಕೆಳಗಿದ್ದರೆ ಬೇಕಿರುವುದು ಸಿಹಿ. ಎದ್ದು ನಿಂತ 10 ನಿಮಿಷದೊಳಗೆ ಎದೆಬಡಿತ 30ಕ್ಕಿಂತ ಹೆಚ್ಚು ಏರುವ ಪಾಟ್ಸ್, ರಕ್ತಹೀನತೆ, ಉಬ್ಬಸ, ಒಳಕಿವಿಯ ತೊಂದರೆ, ಕೆಲವು ಬಗೆಯ ಫಿಟ್ಸ್ ಸಹ ಪಟ್ಟಿಯಲ್ಲಿವೆ. ವಯಸ್ಸು 45 ದಾಟಿದ ಮೇಲೆ ಮೊದಲ ಅಟ್ಯಾಕ್ ಬಂದರೆ ಮೈಯ ಕಾಯಿಲೆಯನ್ನು ಇನ್ನೂ ಜಾಗ್ರತೆಯಿಂದ ಹುಡುಕುತ್ತಾರೆ. ಒಮ್ಮೆ ಸರಿಯಾಗಿ ಪರೀಕ್ಷೆಯಾದ ಮೇಲೆ, ಲಕ್ಷಣ ಬದಲಾಗದಿದ್ದರೂ ತಿಂಗಳಿಗೊಂದು ಇಸಿಜಿ ಮಾಡಿಸುತ್ತ ಹೋಗುವುದು ಮಾತ್ರ ಮತ್ತೆ ಆಂಪ್ಲಿಫೈಯರಿಗೇ ಬಲ ಕೊಡುತ್ತದೆ.

## ನಿಮ್ಮ ಕಿಡಿಯನ್ನು ಹಿಡಿಯುವುದು

ಅಟ್ಯಾಕ್ ಇಳಿದ ಅರ್ಧ ಗಂಟೆಯೊಳಗೆ ಬರೆದಿಡಿ, ತಡವಾದರೆ ಕಥೆ ಬದಲಾಗುತ್ತದೆ. ಗಂಟೆ ಎಷ್ಟು? ಮೈಯಲ್ಲಿ ಕಂಡ ಮೊಟ್ಟಮೊದಲ ಬದಲಾವಣೆ ಯಾವುದು? ಆಗ ತಲೆಯಲ್ಲಿ ಮಿಂಚಿದ ಮಾತು ಯಾವುದು, ಇದ್ದದ್ದು ಇದ್ದಂತೆ? ಹಿಂದಿನ 8 ಗಂಟೆಯಲ್ಲಿ ಕಾಫಿ, ಮದ್ಯ, ಮಾತ್ರೆ, ಊಟ, ನಿದ್ದೆ ಎಷ್ಟು? ಮುಟ್ಟಿನ ಎಷ್ಟನೆಯ ದಿನ? ಐದಾರು ಸಲ ಬರೆದರೆ ಸಾಕು, ಒಂದೇ ಲಕ್ಷಣ, ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ. ‘ಭಯವಾಯಿತು’ ಎಂದಷ್ಟೇ ಬರೆದಿಟ್ಟರೆ ಏನೂ ಸಿಗದು, ಸಾಮಾನ್ಯವಾಗಿ ಆಗುವ ತಪ್ಪು ಅದೇ.

ಅಟ್ಯಾಕ್ ನಡೆಯುತ್ತಿರುವಾಗ ‘ದೀರ್ಘವಾಗಿ ಉಸಿರು ಎಳೆದುಕೊಳ್ಳಿ’ ಎಂಬ ಜನಪ್ರಿಯ ಸಲಹೆ ಎಡವಟ್ಟಾಗುವುದು ಏಕೆಂದು ಮೇಲಿನದನ್ನು ಓದಿದವರಿಗೆ ಗೊತ್ತಾಗಿರುತ್ತದೆ. ಎಳೆಯುವುದಕ್ಕಿಂತ ಬಿಡುವುದು ಮುಖ್ಯ. ಮೂಗಿನಿಂದ ಸಣ್ಣ ಉಸಿರು, 4 ಎಣಿಸುವಷ್ಟು. ತುಟಿ ಚೂಪು ಮಾಡಿ ಹೊರಕ್ಕೆ, 6 ಎಣಿಸುವಷ್ಟು. ಮೂರರಿಂದ ಐದು ನಿಮಿಷ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಪದ್ಧತಿ ಬೇಡ. ತೊಂದರೆ ಉಬ್ಬಸದ್ದೋ ಹೃದಯದ್ದೋ ಆಗಿದ್ದರೆ ಆಮ್ಲಜನಕ ಇನ್ನೂ ಇಳಿದು ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಮರುಕಳಿಸುತ್ತಿದ್ದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಖಿನ್ನತೆಗೂ ಆತಂಕಕ್ಕೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಇಲ್ಲವೇ ಎರಡೂ ಫಲ ಕೊಡುತ್ತವೆ. ಮಾತ್ರೆ ಶುರು ಮಾಡಿದ ಮೊದಲ ಒಂದೆರಡು ವಾರ ಚಡಪಡಿಕೆ ಹೆಚ್ಚಬಹುದು, ಅದಕ್ಕಾಗಿಯೇ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಗುಣ ಕಾಣಲು 4ರಿಂದ 6 ವಾರ ಬೇಕು. ಇದು ತಿಳಿಯದೆ ಐದನೇ ದಿನಕ್ಕೇ ಮಾತ್ರೆ ಬಿಟ್ಟವರು ಬಹಳ.

ಮಾತಿನ ಚಿಕಿತ್ಸೆಯಲ್ಲಿ ಕಿಡಿಯನ್ನು ಬೇಕೆಂದೇ ಹೊತ್ತಿಸುತ್ತಾರೆ. ತಲೆಸುತ್ತಿಗೆ ಹೆದರುವವರನ್ನು ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ತಿರುಗಿಸುತ್ತಾರೆ. ಎದೆಬಡಿತಕ್ಕೆ ಹೆದರುವವರು ನಿಂತಲ್ಲೇ ಒಂದು ನಿಮಿಷ ಓಡಬೇಕು. ಉಸಿರುಗಟ್ಟುವುದಕ್ಕೆ ಹೆದರುವವರು ಮೂಗು ಹಿಡಿದು ಸಪೂರ ಸ್ಟ್ರಾದಿಂದ ಎರಡು ನಿಮಿಷ ಉಸಿರಾಡಬೇಕು. ಜುಮುಜುಮು ಎಂದರೆ ಬೆದರುವವರು ಒಂದು ನಿಮಿಷ ಬೇಕೆಂದೇ ಜೋರುಜೋರಾಗಿ ಉಸಿರಾಡಬೇಕು. ಹೃದ್ರೋಗ, ಉಬ್ಬಸ, ಫಿಟ್ಸ್ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮುಗಿದ ಮೇಲೆ ಕೂತು, ನಾಡಿ ಹಿಡಿಯದೆ, ನೀರು ಕುಡಿಯದೆ, ಯಾರನ್ನೂ ಕರೆಯದೆ, ಲಕ್ಷಣ ತಾನಾಗಿ ಇಳಿಯಲು ಬಿಡಬೇಕು. ಭಯ ಎಷ್ಟಿತ್ತೆಂದು 0ಯಿಂದ 10ರೊಳಗೆ ಅಂಕ ಹಾಕಿ ಮತ್ತೆ ಅದನ್ನೇ ಮಾಡುತ್ತಾರೆ. ಮೊದಲ ಸುತ್ತಿಗೆ 8 ಇದ್ದದ್ದು ದಿನವೂ ಮಾಡುತ್ತ ಹೋದಂತೆ 3ಕ್ಕೋ 2ಕ್ಕೋ ಬರುತ್ತದೆ. ತಲೆ ಮೊದಲಿನಷ್ಟೇ ಸುತ್ತುತ್ತಿರುತ್ತದೆ, ಅಂಕ ಇಳಿದಿರುತ್ತದೆ.